ಈ ಸೀಸನ್ನಿನಿಂದ ಊಟದ ಡಬ್ಬಿಗೆ ಪಂದ್ಯಕ್ಕೊಂದು ಲೆಕ್ಕ

ಪ್ರಿಯ ಗ್ರಾಹಕರೇ, ನಮಸ್ಕಾರ.

ಇಂಗ್ಲೆಂಡಿನ ನಾರ್ಥಾಂಪ್ಟನ್‌ನ ವಾಂಟೇಜ್ ರೋಡ್ ಮೈದಾನಕ್ಕೆ, ನಾರ್ಥಾಂಪ್ಟನ್‌ಶೈರ್ ಕೌಂಟಿ (ಜಿಲ್ಲಾ) ತಂಡದ ಕ್ರಿಕೆಟ್ ನೋಡಲು ಹೋಗುವ ನಿಮಗೆ ಚಿತ್ರಾನ್ನ, ಮೊಸರನ್ನ, ಕೋಡುಬಳೆ ಕಟ್ಟಿಕೊಡುತ್ತಾ ಬಂದಿದ್ದೇವೆ. ಇಡೀ ಸೀಸನ್ನಿಗೆ ಒಂದೇ ಸಲ ದುಡ್ಡು ಕಟ್ಟುವ ಪದ್ಧತಿಯನ್ನು ಈ ವರ್ಷ ನಿಲ್ಲಿಸುತ್ತಿದ್ದೇವೆ. ಯಾವ ದಿನ ಬೇಕೋ ಆ ದಿನದ್ದನ್ನಷ್ಟೇ ಹೇಳಿ. ಹಿಂದಿನ ದಿನ ಸಂಜೆ 6ರೊಳಗೆ ತಿಳಿಸಿದರೆ ಸಾಕು.

ನಮ್ಮ ಕೈ ಹಿಡಿದಿದ್ದು ಕೌಂಟಿಗಳ 20 ಓವರ್ ಟೂರ್ನಿಯಾದ ಟಿ20 ಬ್ಲಾಸ್ಟ್‌ನ ಸಂಜೆಗಳು. 2026ರಿಂದ ಪ್ರತಿ ಕೌಂಟಿಗೂ ಲೀಗ್ ಪಂದ್ಯಗಳು 14ರಿಂದ 12ಕ್ಕೆ ಇಳಿದಿವೆ. ಅಂದರೆ ನಮ್ಮೂರಲ್ಲಿ 7 ಸಂಜೆಯ ಬದಲು 6. ಆಗಸ್ಟ್ ಅಂತೂ 2021ರಿಂದ ಇನಿಂಗ್ಸಿಗೆ ನೂರು ಎಸೆತದ 'ಹಂಡ್ರೆಡ್' ಟೂರ್ನಿಯ ಪಾಲು. 8 ತಂಡಗಳ ಆ ಟೂರ್ನಿಯಲ್ಲಿ ನಮ್ಮ ಮೈದಾನಕ್ಕೆ ಜಾಗವಿಲ್ಲ. ಮಕ್ಕಳಿಗೆ ರಜೆ, ಒಳ್ಳೆ ಬಿಸಿಲು, ಆಗಲೇ ಚೆನ್ನಾಗಿ ಆಡುವವರು ಬೇರೆ ಊರಿನ ಜೆರ್ಸಿ ತೊಟ್ಟು ಹೊರಡುತ್ತಾರೆ. ಇಲ್ಲಿ ಕೌಂಟಿಗಳ 50 ಓವರ್ ಟೂರ್ನಿ ಒನ್ ಡೇ ಕಪ್ ನಡೆಯುತ್ತದೆ, ನಿಜ. 2023ರಲ್ಲಿ ನಮ್ಮ ಕೌಂಟಿಗೆ ಆಡಿದ ಪೃಥ್ವಿ ಶಾ ಸಾಮರ್‌ಸೆಟ್ ಮೇಲೆ 244 ಹೊಡೆದದ್ದು ಅದರಲ್ಲೇ. ಅಂಥ ದಿನ ದಿನಾ ಬರುತ್ತಾ? ಹಾಗಾಗಿ ಆಗಸ್ಟ್‌ನಲ್ಲಿ ಆ ಕಪ್ಪಿನ ಪಂದ್ಯ ಇಲ್ಲಿದ್ದ ದಿನ ಮಾತ್ರ ಒಲೆ ಹಚ್ಚುತ್ತೇವೆ.

ನಮ್ಮ ನಾರ್ಥಾಂಪ್ಟನ್‌ಶೈರ್ 2013ರಲ್ಲೂ 2016ರಲ್ಲೂ ಟಿ20 ಕಪ್ ಗೆದ್ದಿದೆ. ಆದರೆ ಬೆಳೆಸಿದ ಹುಡುಗರನ್ನು ಉಳಿಸಿಕೊಳ್ಳುವುದು ಸಣ್ಣ ಕೌಂಟಿಗೆ ಸುಲಭವಲ್ಲ. ಬೆನ್ ಡಕೆಟ್ ಇಲ್ಲೇ ಬೆಳೆದವರು. 2018ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ಗೆ ಹೋದರು. ಈಗ ಇಂಗ್ಲೆಂಡ್‌ಗೆ ಅವರು ಇನಿಂಗ್ಸ್ ಶುರು ಮಾಡುವಾಗೆಲ್ಲ ನಮಗೆ ಖುಷಿಯೂ ಆಗುತ್ತದೆ, ಹೊಟ್ಟೆಯೂ ಚುರ್ ಅನ್ನುತ್ತದೆ.

ಕೌಂಟಿ ಚಾಂಪಿಯನ್‌ಶಿಪ್‌ನ ನಾಲ್ಕು ದಿನದ ಪಂದ್ಯಗಳ ಡಬ್ಬಿಯನ್ನು ಮಾತ್ರ ಬಿಡುವುದಿಲ್ಲ. ಜನ ಕಡಿಮೆ, ಉಳಿಯುವ ದುಡ್ಡೂ ಕಡಿಮೆ. ಅವನ್ನು ಜಾಸ್ತಿ ಏಪ್ರಿಲ್, ಮೇ, ಸೆಪ್ಟೆಂಬರ್ ಚಳಿಗೆ ತಳ್ಳಿದ್ದಾರೆ. ಆದರೂ 1995ರಲ್ಲಿ ಅನಿಲ್ ಕುಂಬ್ಳೆ ಈ ಕೌಂಟಿಗೆ 105 ವಿಕೆಟ್ ತೆಗೆದದ್ದು ಇಂಥ ಪಂದ್ಯಗಳಲ್ಲಿ ಅಲ್ವಾ? 2024ರ ಏಪ್ರಿಲ್‌ನಲ್ಲಿ ಗ್ಲಾಮಾರ್ಗನ್ ಎದುರು ಕರುಣ್ ನಾಯರ್ ಔಟಾಗದೆ 202 ಹೊಡೆದರು. ಭಾರತ ತಂಡದಿಂದ ಹೊರಗಿದ್ದ ನಮ್ಮ ಹುಡುಗನಿಗೆ ಆಡಲು ಜಾಗ ಕೊಟ್ಟದ್ದು ಈ ಸಣ್ಣ ಕೌಂಟಿ. ಅದನ್ನು ನಾವು ಮರೆಯಬಾರದು. ಆವತ್ತು ಡಬ್ಬಿ ತೆಗೆದುಕೊಂಡವರಲ್ಲಿ ಹಲವರು ಟೀ ವಿರಾಮದ ತನಕ ಮುಚ್ಚಳವನ್ನೇ ತೆಗೆದಿರಲಿಲ್ಲ. ಫ್ಲಾಸ್ಕಿನ ತಿಳಿಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಕಣ್ಣೆಲ್ಲ ಪಿಚ್ ಮೇಲೆ.

ಅದಕ್ಕೇ ನಾಲ್ಕು ದಿನದ ಡಬ್ಬಿಯ ಬೆಲೆ ಏರಿಸಿಲ್ಲ. ತಿಳಿಸಾರು ಮೊದಲಿನಂತೆ ಅದರ ಜೊತೆಗೇ ಬರುತ್ತದೆ. ಒಂದು ಕೇಳಿಕೆ: ವಾರದ ಮಧ್ಯೆ ಒಂದು ದಿನ ರಜೆ ಸಿಕ್ಕರೆ ಮೈದಾನಕ್ಕೆ ಬನ್ನಿ, ಟಿಕೆಟ್ ಕೊಂಡು ಕೂತುಕೊಳ್ಳಿ. ನಮ್ಮ ಡಬ್ಬಿ ತೆಗೆದುಕೊಳ್ಳದಿದ್ದರೂ ಪರವಾಗಿಲ್ಲ.

ಈಗಾಗಲೇ ಪೂರ್ತಿ ಸೀಸನ್ನಿಗೆ ದುಡ್ಡು ಕಟ್ಟಿದವರಿಗೆ ಮೊದಲ ಪಂದ್ಯಕ್ಕೆ ಮುಂಚೆಯೇ ವಾಪಸ್ ಕೊಡುತ್ತೇವೆ.

ಇಂತಿ,
ನಿಮ್ಮ ಅಡುಗೆಮನೆಯವರು
ನಾರ್ಥಾಂಪ್ಟನ್