ನೂರನೇ ದೀಪ ಹೊತ್ತಿತು, ನಮಸ್ಕಾರ ಇವರಿಗೆ

ಗುಜರಿ ಸಾಮಾನಿನಿಂದ ನಾವಿಬ್ಬರು ಮಾಡಿದ ನೂರನೇ ದೀಪ ಈ ವಾರ ಒಂದು ಮನೆ ಸೇರಿತು. ಸೈಕಲ್ ರಿಮ್ಮು, ಕಾರಿನ ಬ್ರೇಕ್ ಡಿಸ್ಕು, ಸರಕು ಪೇರಿಸುವ ಪ್ಯಾಲೆಟ್ಟಿನ ಹಲಗೆಗಳಿಗೆ ರೂಪ ಕೊಟ್ಟ ಹೆಸರು ನಮ್ಮದಾಗಿದೆ. ಯಾವ ಕಬ್ಬಿಣ ಬೆಸುಗೆ ಹಿಡಿಯುತ್ತದೆ, ಯಾವ ಮರವನ್ನು ಮನೆಯೊಳಗೆ ತರಬಾರದು ಎಂದು ಹೇಳಿಕೊಟ್ಟವರು ಮಾತ್ರ ಬೇರೆಯವರು.

ಮೊದಲ ನಮಸ್ಕಾರ ಬೆಂಗಳೂರಿನ ಜಾಲಿ ಮೊಹಲ್ಲಾದ ಗುಜರಿ ಅಂಗಡಿಯವರಿಗೆ, ಸೈಕಲ್ ರಿಪೇರಿಯವರಿಗೆ. ಹಳೇ ದೊಡ್ಡ ಸೈಕಲ್ಲಿನ ಮುಂದಿನ ರಿಮ್ಮಿಗೆ 32 ತೂತು, ಹಿಂದಿನದಕ್ಕೆ 40. ತೂಗುದೀಪವನ್ನು ಮೂರು ಎಳೆಯಲ್ಲಿ ಕಟ್ಟಿದರೆ ಎರಡರಲ್ಲೂ ಸಮ ಬರುವುದಿಲ್ಲ, ಓರೆಯಾಗಿ ನೇತಾಡುತ್ತದೆ. ನಾಲ್ಕು ಎಳೆಯಾದರೆ ಒಂದರಲ್ಲಿ ಎಂಟು ತೂತಿಗೊಂದು, ಇನ್ನೊಂದರಲ್ಲಿ ಹತ್ತು ತೂತಿಗೊಂದು ಕೊಂಡಿ. ಕಡ್ಡಿಗಳನ್ನು ಒಂದೇ ಬದಿಯಿಂದ ಕತ್ತರಿಸುತ್ತ ಹೋದರೆ ರಿಮ್ಮು ಡೊಂಕಾಗುತ್ತದೆ. ಎಲ್ಲವನ್ನೂ ಅರ್ಧರ್ಧ ಸುತ್ತು ಸಡಿಲಿಸಿಕೊಂಡು ಬಂದು ಆಮೇಲೆ ಬಿಚ್ಚಬೇಕು.

ವೆಲ್ಡಿಂಗ್ ಅಂಗಡಿಯವರ ಋಣ ಎಲ್ಲಕ್ಕಿಂತ ದೊಡ್ಡದು. ನಿಲುದೀಪದ ಬುಡಕ್ಕೆ ಬ್ರೇಕ್ ಡಿಸ್ಕಿನಂಥ ಭಾರ ಇನ್ನೊಂದಿಲ್ಲ. ಆದರೆ ಅದು ಎರಕದ ಕಬ್ಬಿಣ, ಇಂಗಾಲ ಹೆಚ್ಚು. ಮಾಮೂಲಿ ರಾಡಿನಲ್ಲಿ ಪೈಪು ಬೆಸೆದರೆ ಮೊದಲು ಗಟ್ಟಿಯಾಗಿಯೇ ಕಾಣುತ್ತದೆ. ಆರುತ್ತ ಬಂದಾಗ ‘ಟಿಕ್’ ಎಂದು ಸದ್ದಾಗಿ, ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯ ಬಿರುಕು ಬಿಡುತ್ತದೆ. ಅದಕ್ಕೇ ಪೈಪನ್ನು 6 ಮಿ.ಮೀ. ಉಕ್ಕಿನ ತಗಡಿಗೆ ಬೆಸೆದು, ಆ ತಗಡನ್ನು ಡಿಸ್ಕಿನಲ್ಲಿ ಮೊದಲೇ ಇರುವ ಬೋಲ್ಟಿನ ತೂತುಗಳಿಗೆ ಬಿಗಿಯುತ್ತೇವೆ. ಜಿಐ ಪೈಪಿನ ಸತುವಿನ ಲೇಪವನ್ನು ಎರಡಿಂಚು ಉಜ್ಜಿ ತೆಗೆಯದೆ ರಾಡ್ ಮುಟ್ಟಿಸಬಾರದು ಎಂದವರೂ ಅವರೇ. ಸತು ಸುಟ್ಟು ಏಳುವ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ.

ಲೋಹದ ದೀಪಕ್ಕೆ ಎರಡೆಳೆ ವೈರ್ ಹಾಕಲು ಎಲೆಕ್ಟ್ರಿಷಿಯನ್ ಒಂದು ಸಲವೂ ಒಪ್ಪಲಿಲ್ಲ. ಮೂರೆಳೆಯೇ ಬೇಕು. ಅರ್ತಿಂಗಿನ ಹಸಿರು ಎಳೆಯನ್ನು ದೀಪದ ಲೋಹದ ಮೈಗೆ ಬಿಗಿಯುವ ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಿಸಬೇಕು. ಬಣ್ಣದ ಮೇಲೆ ಬಿಗಿದ ಅರ್ತಿಂಗ್ ಇದ್ದೂ ಇಲ್ಲದಂತೆ. ವೈರ್ ನುಸುಳುವ ಪ್ರತಿ ತೂತಿಗೂ ರಬ್ಬರ್ ಬಳೆ ಹಾಕಬೇಕು, ಇಲ್ಲವಾದರೆ ತಿರುಗಿಸಿದಾಗಲೆಲ್ಲ ಅಂಚು ವೈರನ್ನು ಕೊಯ್ಯುತ್ತದೆ.

ತುಕ್ಕಿಗೆ ಅಳಲೆಕಾಯಿ ಮದ್ದು ಕಲಿಸಿದ ಬಣ್ಣಗಾರ್ತಿಗೆ ವಿಶೇಷ ವಂದನೆ. ಒಂದು ಲೀಟರ್ ನೀರಿಗೆ ಒಂದು ಹಿಡಿ ಪುಡಿ ಹಾಕಿ ಕುದಿಸಿ, ಸೋಸಿ, ಸಡಿಲ ತುಕ್ಕು ಉದುರಿಸಿದ ಕಬ್ಬಿಣಕ್ಕೆ ಹಚ್ಚಿದರೆ ಕೆಂಪು ಬಣ್ಣ ಕಣ್ಣೆದುರೇ ನೀಲಿಗಪ್ಪಾಗುತ್ತದೆ. ಅದರ ಚೊಗರೂ ಕಬ್ಬಿಣವೂ ಕೂಡಿ ಹುಟ್ಟುವ ಈ ಕಪ್ಪು ಯಾವ ಸ್ಪ್ರೇ ಡಬ್ಬಿಯಲ್ಲೂ ಸಿಗದು. ಎರಡು ಮೂರು ಸಲ ಹಚ್ಚಿ, ಒಣಗಿಸಿ, ಮೇಲೆ ಜೇನುಮೇಣ ಉಜ್ಜಿದರೆ ಆಯಿತು.

ಪ್ಯಾಲೆಟ್ ಹಲಗೆ ಮೇಲೆ ‘ಎಚ್‌ಟಿ’ ಮುದ್ರೆಯಿದ್ದರೆ ಬಿಸಿಯಲ್ಲಿ ಹದ ಮಾಡಿದ್ದು, ‘ಎಂಬಿ’ ಇದ್ದರೆ ವಿಷಾನಿಲದಲ್ಲಿ, ಅದು ಬೇಡ. ಹಳೇ ರೈಲ್ವೆ ಸ್ಲೀಪರ್ ಕೂಡ ಮನೆಯೊಳಗೆ ಬೇಡ, ಅದು ಕ್ರಿಯೋಸೋಟ್ ಎಂಬ ವಿಷದ ಡಾಂಬರೆಣ್ಣೆ ಕುಡಿದ ಮರ. ಇದು ಬಡಗಿಯವರ ಪಾಠ.

ಕಸ ಆಯುವ, ವಿಂಗಡಿಸುವ ತಾಯಂದಿರಿಗೆ ತಲೆಬಾಗುತ್ತೇವೆ. ಟ್ಯೂಬ್‌ಲೈಟಿನಲ್ಲಿ ಪಾದರಸ, ಹಳೇ ಡಬ್ಬಾ ಟೀವಿಯ ಗಾಜಿನಲ್ಲಿ ಸೀಸ. ಎಷ್ಟು ಚೆಂದ ಕಂಡರೂ ಅವನ್ನು ನಾವು ಒಡೆಯುವುದಿಲ್ಲ, ಕೊರೆಯುವುದಿಲ್ಲ. ಅವರು ದಿನವೂ ಅವುಗಳ ನಡುವೆ ಬರಿಗೈಯಲ್ಲಿ ದುಡಿಯುತ್ತಾರೆ ಎಂಬುದನ್ನು ನಮ್ಮ ದೀಪ ಕೊಂಡವರೂ ತಿಳಿದಿರಲಿ.

ಕೊಂಡವರಿಗೂ ಧನ್ಯವಾದ. ನಿಲುದೀಪದ ಎಲ್‌ಇಡಿ ಡ್ರೈವರ್, ಅಂದರೆ ಬಲ್ಬಿಗೆ ತಕ್ಕ ಕರೆಂಟು ಕೊಡುವ ಪೆಟ್ಟಿಗೆ, ಡಿಸ್ಕಿನ ಕೆಳಗಿನ ಪೊಳ್ಳಿನಲ್ಲಿದೆ. ಗಾಳಿಯಾಡಲೆಂದೇ 10 ಮಿ.ಮೀ. ರಬ್ಬರ್ ಕಾಲು ಕೊಟ್ಟಿದ್ದೇವೆ, ದಪ್ಪ ಜಮಖಾನದ ಮೇಲೆ ಇಡಬೇಡಿ. ಬೆಳಕು ಮಿಣುಕತೊಡಗಿದರೆ ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ ಕೈಲಿ ತಳದ ನಾಲ್ಕು ಸ್ಕ್ರೂ ಬಿಚ್ಚಿಸಿ, ಡ್ರೈವರ್ ಒಂದನ್ನೇ ಬದಲಿಸಿಕೊಳ್ಳಿ.