ಬೊಡ್ಡೆಗೆ ಜೀವವಿದೆ, ಕೀಳಬೇಡಿ

ಮಾನ್ಯರೇ,

ಹುಬ್ಬಳ್ಳಿ–ಧಾರವಾಡದಲ್ಲಿ ರಸ್ತೆ, ವಿದ್ಯುತ್ ತಂತಿ, ಹೊಸ ಬಡಾವಣೆಗೆಂದು ಮರ ಕಡಿದ ಮೇಲೆ ಉಳಿದ ಬೊಡ್ಡೆಯನ್ನು ಜೆಸಿಬಿಯಿಂದ ಕೀಳುವುದು, ಇಲ್ಲವೇ ಅದರ ಮೇಲೆ ಕಸ ಸುರಿದು ಸುಡುವುದು ರೂಢಿಯಾಗಿದೆ. ರಸ್ತೆಗೆ ಅಡ್ಡ ಬಂದದ್ದನ್ನು ಕೀಳಲೇಬೇಕು. ಆದರೆ ಶಾಲೆಯ ಮೈದಾನದ ಅಂಚಿನಲ್ಲಿ, ಉದ್ಯಾನದಲ್ಲಿ, ಹೊಲದ ಬದುವಿನಲ್ಲಿ ಇರುವ ಬೇವು, ಹೊಂಗೆ, ಹುಣಸೆ, ಸಾಗವಾನಿ ಬೊಡ್ಡೆಗಳನ್ನು ಕೀಳುವುದು ಜೀವಂತ ಮರವನ್ನೇ ಎರಡನೇ ಸಲ ಕೊಂದಂತೆ.

ಕ್ಯಾಲಿಫೋರ್ನಿಯಾ ಕರಾವಳಿಯ ರೆಡ್‌ವುಡ್ ನೂರು ಮೀಟರಿಗೂ ಮೀರಿ ಬೆಳೆಯುವ ಮರ. ಪೈನ್‌ನಂಥ ಸೂಜಿ ಎಲೆಯ, ಅಂದರೆ ಸೂಚಿಪರ್ಣಿ ಜಾತಿಯ ಹೆಚ್ಚಿನ ಮರಗಳು ಕಡಿದರೆ ಸಾಯುತ್ತವೆ. ಆದರೆ ಅದೇ ಜಾತಿಯ ರೆಡ್‌ವುಡ್‌ನ ಬುಡದ ಗಂಟುಗಳಲ್ಲಿ ಮಲಗಿದ್ದ ಮೊಗ್ಗುಗಳು ಎದ್ದು, ಹಳೆಯ ಬೊಡ್ಡೆಯ ಸುತ್ತ ಹೊಸ ಮರಗಳು ಉಂಗುರದಂತೆ ನಿಲ್ಲುತ್ತವೆ. ನಮ್ಮ ಕಲಘಟಗಿ ಕಡೆಯ ಸಾಗವಾನಿಗೂ, ಕಪ್ಪತಗುಡ್ಡದ ದಿಂಡಲ ಮರಕ್ಕೂ ಬುಡದಿಂದ ಮತ್ತೆ ಚಿಗುರುವ ಈ ಗುಣ ಚೆನ್ನಾಗಿಯೇ ಇದೆ.

ಚಿಗುರುವುದು ಬಿಡುವುದು ಕಡಿಯುವ ಕಾಲದ ಮೇಲೆ ನಿಂತಿದೆ. ಎಲೆ ಉದುರಿದ ಮೇಲೆ, ಹೊಸ ಎಲೆ ಬರುವ ಮೊದಲು ಕಡಿಯಬೇಕು. ಆಗ ಮರದ ಆಹಾರವೆಲ್ಲ ಬೇರಿನಲ್ಲಿ ಕೂಡಿಟ್ಟಿರುತ್ತದೆ. ಚಿಗುರಿನ ಭರದಲ್ಲಿ ಕಡಿದರೆ ಆ ದಾಸ್ತಾನು ಖರ್ಚಾಗಿ, ಬೊಡ್ಡೆ ಸೊರಗುತ್ತದೆ. ನೆಲದಿಂದ 10–15 ಸೆಂ.ಮೀ. ಎತ್ತರದಲ್ಲಿ, ಹರಿತವಾದ ಗರಗಸದಿಂದ, ನೀರು ನಿಲ್ಲದಂತೆ ತುಸು ಓರೆಯಾಗಿ ಕೊಯ್ಯಬೇಕು. ಮೊಂಡ ಕೊಡಲಿಯಿಂದ ತೊಗಟೆ ಸೀಳಿದರೆ ಮೊಗ್ಗೂ ಹೋಯಿತು, ಕೊಳೆಯೂ ಹೊಕ್ಕಿತು. ಎತ್ತರಕ್ಕೆ ಕಡಿದ ಬೊಡ್ಡೆಯ ತುದಿಯಲ್ಲಿ ಹುಟ್ಟಿದ ಕುಡಿ ದಪ್ಪವಾದಂತೆ ಗಾಳಿಗೆ ಬುಡಸಮೇತ ಕಿತ್ತುಬರುತ್ತದೆ. ನೆಲಕ್ಕೆ ಹತ್ತಿದ ಕುಡಿಯೇ ಗಟ್ಟಿ.

ಮಳೆ ಬಿದ್ದೊಡನೆ ಒಂದೇ ಬೊಡ್ಡೆಯಿಂದ ಹತ್ತಾರು ಕುಡಿ ಏಳುತ್ತವೆ. ಎಲ್ಲವನ್ನೂ ಬಿಟ್ಟರೆ ಪೊದೆಯಾಗುತ್ತದೆ, ಒಂದೇ ಸಲ ಒಂದಕ್ಕಿಳಿಸಿದರೆ ಅದು ಮುರಿದ ದಿನ ಏನೂ ಉಳಿಯುವುದಿಲ್ಲ. ಮೊದಲ ವರ್ಷ ಬೇರೆ ಬೇರೆ ದಿಕ್ಕಿನ ನಾಲ್ಕೈದು ನೇರ ಕುಡಿ ಉಳಿಸಿ, ಮಿಕ್ಕವನ್ನು ಬುಡಕ್ಕೆ ಕೊಯ್ಯಿರಿ. ಎರಡನೇ ವರ್ಷ ಒಂದೋ ಎರಡೋ ಸಾಕು. ಬೇರು ಸಿದ್ಧವೇ ಇರುವುದರಿಂದ ಸಾಗವಾನಿಯ ಕುಡಿ ಮೊದಲ ವರ್ಷವೇ ಆಳೆತ್ತರ ದಾಟಬಲ್ಲದು. ಅದೇ ಹೊತ್ತಿಗೆ ನೆಟ್ಟ ಸಸಿ ಇನ್ನೂ ನೀರಿಗಾಗಿ ಕಾಯುತ್ತಿರುತ್ತದೆ.

ದೊಡ್ಡ ಶತ್ರು ಆಡು. ಎಳೆ ಕುಡಿಯನ್ನು ಮತ್ತೆ ಮತ್ತೆ ಮೇಯ್ದರೆ ಬೇರಿನ ದಾಸ್ತಾನು ಬರಿದಾಗಿ ಬೊಡ್ಡೆ ನಿಜಕ್ಕೂ ಸಾಯುತ್ತದೆ. ಆಡಿನ ಬಾಯಿಗೆ ನಿಲುಕದಷ್ಟು ಎತ್ತರವಾಗುವವರೆಗೆ ಸುತ್ತ ಜಾಲಿ ಮುಳ್ಳುಕಂಟಿ ಹಚ್ಚಲೇಬೇಕು. ಬೇಸಿಗೆಯಲ್ಲಿ ಬುಡದ ಒಣ ಹುಲ್ಲು ತೆಗೆದರೆ ಬೆಂಕಿಯ ಭಯವೂ ಕಡಿಮೆ.

ಎಲ್ಲ ಬೊಡ್ಡೆಯೂ ಚಿಗುರುವುದಿಲ್ಲ. ತೆಂಗು ಕಡಿದರೆ ಅಲ್ಲಿಗೆ ಮುಗಿಯಿತು. ಒಳಗೆ ಟೊಳ್ಳಾದ ಮುದಿ ಮರ, ದಟ್ಟ ನೆರಳಿನ ಬೊಡ್ಡೆ ಇವುಗಳ ಮೇಲೂ ಭರವಸೆ ಕಡಿಮೆ. ಅಂಥ ಕಡೆ ಸಸಿಯೇ ದಾರಿ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಅನುಮತಿ ಕೊಡುವಾಗ ಬದಲಿಗೆ ಸಸಿ ನೆಡುವ ಷರತ್ತು ಹಾಕಲಾಗುತ್ತದೆ. ಕಾಮಗಾರಿಗೆ ಅಡ್ಡಬಾರದ ಬೊಡ್ಡೆಯನ್ನು ಕೀಳಬಾರದು, ಸುಡಬಾರದು, ಎರಡು ಮಳೆಗಾಲ ಬೇಲಿ ಹಾಕಿ ಕಾಯಬೇಕು ಎಂಬ ಒಂದು ಸಾಲನ್ನೂ ವೃಕ್ಷ ಅಧಿಕಾರಿಗಳು ಆ ಆದೇಶದಲ್ಲಿ ಸೇರಿಸಬೇಕೆಂದು ಕೋರುತ್ತೇವೆ.

– ಕೆಲವು ನಿವೃತ್ತ ಅರಣ್ಯ ಸಿಬ್ಬಂದಿ, ಧಾರವಾಡ