ಗದ್ದೆಗೆ ನೀರು ಕಟ್ಟುವ ಮುನ್ನ ಪೈಪ್ ನೋಡಿ

ಮಾನ್ಯರೇ,

ಹೇಮಾವತಿ ನಾಲೆಗೆ ನೀರು ಬಂತೆಂದರೆ ಹೊಳೆನರಸೀಪುರದ ಸುತ್ತ ಭತ್ತದ ನಾಟಿ ಗಡಿಬಿಡಿ. ಆದರೆ ಕೊಯ್ಲಿನವರೆಗೂ ಗದ್ದೆಯಲ್ಲಿ ನೀರು ನಿಂತೇ ಇರಬೇಕೆಂಬ ನಂಬಿಕೆ ಬಿಡಬೇಕು. ನೀರು ಕೊಟ್ಟು, ಆರಿಸಿ, ಮತ್ತೆ ಕೊಟ್ಟರೂ ಇಳುವರಿ ಕುಗ್ಗದು.

ಮೊದಲು ಗದ್ದೆ ಮಟ್ಟವಾಗಬೇಕು. ಹಲಗೆ ಹೊಡೆಯುವಾಗ ಅವಸರಪಟ್ಟರೆ ತಗ್ಗಿನಲ್ಲಿ ಸಸಿ ಕೊಳೆಯುತ್ತದೆ, ದಿಬ್ಬದಲ್ಲಿ ಕಳೆ ಏಳುತ್ತದೆ. ಬದುವಿನ ಏಡಿ ಬಿಲ ಮುಚ್ಚದಿದ್ದರೆ ಉಳಿಸಿದ ನೀರೆಲ್ಲ ಅಲ್ಲೇ ಹೋಯಿತು. ಗುಣಿಗೆ ಎರಡು ಮೂರು ಪೈರು, 2–3 ಸೆಂ.ಮೀ. ಆಳ ಸಾಕು, ಆಳಕ್ಕೆ ಒತ್ತಿದರೆ ತೆಂಡೆ (ಬುಡದಿಂದ ಒಡೆಯುವ ಕವಲು) ತಡವಾಗುತ್ತದೆ. ಮೊದಲ ಹತ್ತು ದಿನ ತೆಳುವಾಗಿ ನೀರು ನಿಲ್ಲಲಿ. ಕಳೆ ಹೆಚ್ಚಿದ್ದರೆ ಇನ್ನೂ ಒಂದು ವಾರ.

ಆಮೇಲೆ ಮಣ್ಣಿನೊಳಗಿನ ನೀರಿನ ಮಟ್ಟ ನೋಡಲು 30 ಸೆಂ.ಮೀ. ಉದ್ದದ ಪಿವಿಸಿ ಪೈಪ್‌ನ ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು, ಆ ಅರ್ಧವನ್ನು ಕೆಸರಿನಲ್ಲಿ ಹೂಳಿ. ಒಳಗಿನ ಮಣ್ಣು ಪೂರ್ತಿ ತೆಗೆಯಿರಿ. ಹಲವರು ಎಡವುವುದು ಇಲ್ಲೇ. ಮಣ್ಣು ತುಂಬಿದ ಪೈಪ್ ನೀರಿನ ಮಟ್ಟ ತೋರಿಸದು. ಪೈಪ್‌ನೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಗದ್ದೆಗೆ 5 ಸೆಂ.ಮೀ. ನೀರು ಕಟ್ಟಿ. ಯೂರಿಯಾ ಹಾಕುವುದಿದ್ದರೆ ನೀರು ಕಟ್ಟುವ ಮುಂಚೆ, ಆರಿದ ನೆಲಕ್ಕೆ. ಎರೆ ಮಣ್ಣಿನಲ್ಲಿ ದೊಡ್ಡ ಬಿರುಕು ಬಿಡಲು ಬಿಡಬೇಡಿ, ಮುಂದಿನ ನೀರು ಬಿರುಕಿನಲ್ಲೇ ಇಳಿದುಹೋಗುತ್ತದೆ. ಹೂ ಬಿಡುವುದಕ್ಕೆ ಒಂದು ವಾರ ಮುಂಚಿನಿಂದ ಒಂದು ವಾರ ನಂತರದವರೆಗೆ ಮಾತ್ರ ಗದ್ದೆ ಆರಲೇಬಾರದು, ಕಾಳು ಜೊಳ್ಳಾಗುತ್ತದೆ.

ಮುಂದಿನ ಸರದಿ ಯಾವಾಗ ಎಂದು ತಿಳಿಯದ ರೈತ ಸಿಕ್ಕಾಗಲೇ ಗದ್ದೆ ತುಂಬಿಸಿಕೊಳ್ಳುತ್ತಾನೆ. ಆದ್ದರಿಂದ ನಾಲೆ ನೀರಿನ ಸರದಿ ಪಟ್ಟಿಯನ್ನು ನಾಟಿಗೆ ಮೊದಲೇ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಬೇಕೆಂದು ಕೋರುತ್ತೇವೆ.

– ಭತ್ತದ ಬೆಳೆಗಾರರು, ಹೊಳೆನರಸೀಪುರ ತಾಲ್ಲೂಕು